ಮರಿ ಟ್ಯಾರಂಟುಲಾ ಬಿಲ ಬಿಟ್ಟು ಬರ್ತಿಲ್ಲ, ಏನೂ ತಿಂತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯಾರಂಟುಲಾ, ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡದ ಮರಿ ತಂದವರೆಲ್ಲ ಕೆಲವೇ ವಾರಗಳಲ್ಲಿ ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಇಲ್ಲಿನ ಉತ್ತರಗಳನ್ನು ಮುಖ್ಯವಾಗಿ ಮೆಕ್ಸಿಕನ್ ರೆಡ್ ನೀ, ಅಂದರೆ ಬ್ರಾಕಿಪೆಲ್ಮಾ ಹಮೋರಿ ಜಾತಿಯ ಮರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹಳೇ ಸಾಕಣೆದಾರರು ಇದನ್ನು ಬ್ರಾಕಿಪೆಲ್ಮಾ ಸ್ಮಿತಿ ಅಂತಲೇ ಕರೆಯುತ್ತಿದ್ದರು. 2017ರಲ್ಲಿ ಎರಡನ್ನೂ ಸರಿಯಾಗಿ ಬೇರೆ ಮಾಡಿದ ಮೇಲೆ, ಮನೆಗಳಲ್ಲಿ ಇದ್ದದ್ದು ಹೆಚ್ಚಾಗಿ ಹಮೋರಿ ಅಂತ ಗೊತ್ತಾಯಿತು. ನೆಲದಲ್ಲಿ ವಾಸಿಸುವ ಬೇರೆ ಅಮೆರಿಕನ್ ಜಾತಿಗಳಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಮರದ ಮೇಲೆ ಇರುವ ಜಾತಿಗಳಿಗೆ ಹೊಂದುವುದಿಲ್ಲ. ಪುಟ್ಟ ಮರಿಗೆ ಸಾಕುವವರು ‘ಸ್ಲಿಂಗ್’ ಅನ್ನುತ್ತಾರೆ, ನಾನೂ ಅದನ್ನೇ ಬಳಸುತ್ತೇನೆ.

ಮರಿ ಬಿಲದೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡಿದೆ. ವಾರಗಟ್ಟಲೆ ಆಯ್ತು. ಸತ್ತು ಹೋಗಿದೆಯಾ?

ಇಲ್ಲ. ನೂರಕ್ಕೆ ನೂರು ಅಂತ ಯಾರೂ ಹೇಳಲಾರರು, ಆದರೆ ಬಿಲದ ಬಾಯಿಗೆ ಮಣ್ಣು ಅಡ್ಡ ಇಟ್ಟು ಮುಚ್ಚಿರುವುದೇ ಒಳ್ಳೆಯ ಸುದ್ದಿ. ಸಾಯುತ್ತಿರುವ ಜೇಡ ಮಣ್ಣು ಹೊತ್ತು ತಂದು, ನೂಲು ಸೇರಿಸಿ ಬಾಗಿಲು ಕಟ್ಟುವುದಿಲ್ಲ. ಅದಕ್ಕೆ ಆ ಶಕ್ತಿ ಇರುವುದಿಲ್ಲ. ಕಾಯಿಲೆ ಬಿದ್ದ ಜೇಡ ಹೆಚ್ಚಾಗಿ ಬಿಲದ ಹೊರಗೆ, ನೀರಿನ ಬಟ್ಟಲಿನ ಹತ್ತಿರ ಕಾಲು ಮುದುರಿಕೊಂಡು ಕೂರುತ್ತದೆ.

ಬಾಗಿಲು ಮುಚ್ಚುವುದಕ್ಕೆ ಮುಖ್ಯ ಕಾರಣ ಒಂದೇ: ಪೊರೆ ಬಿಡುವ ತಯಾರಿ. ಹೊಟ್ಟೆ ತುಂಬ ತಿಂದ ಮೇಲೂ ಮುಚ್ಚಿಕೊಳ್ಳಬಹುದು. ಹೊಸ ಡಬ್ಬಿಗೆ ಬಂದ ಗಾಬರಿಗೂ ಮುಚ್ಚಿಕೊಳ್ಳಬಹುದು. ಮೂರರಲ್ಲೂ ನೀವು ಮಾಡಬೇಕಾದ್ದು ಒಂದೇ, ಸುಮ್ನೆ ಬಿಡಬೇಕು.

ಅಷ್ಟೊಂದು ಅಡಗಿ ಕೂರೋದು ಯಾಕೆ? ನನ್ನ ಡಬ್ಬಿಯಲ್ಲಿ ಏನಾದರೂ ತಪ್ಪಿದೆಯಾ?

ಇದರ ಊರು ಮೆಕ್ಸಿಕೋದ ಪೆಸಿಫಿಕ್ ಕರಾವಳಿಯ ಕಡೆ. ಹಾಲಿಸ್ಕೊ, ಕೊಲಿಮಾ, ಮಿಚೊವಾಕಾನ್ ರಾಜ್ಯಗಳ ಒಣ ಎಲೆ ಉದುರುವ ಕಾಡು. ಅಲ್ಲಿ ಮಳೆಗಾಲ ಹೆಚ್ಚುಕಡಿಮೆ ಜೂನ್‌ನಿಂದ ಅಕ್ಟೋಬರ್‌ವರೆಗೆ. ಉಳಿದ ತಿಂಗಳು ನೆಲ ಬಿರಿಯುವಷ್ಟು ಒಣಗುತ್ತದೆ. ಒಣಗಾಲದಲ್ಲಿ ಮೇಲೆ ಓಡಾಡಿದರೆ ನೀರೂ ಇಲ್ಲ, ಹುಳವೂ ಕಡಿಮೆ. ಬಿಲದ ಒಳಗೆ ತೇವ ಉಳಿಯುತ್ತದೆ, ಬಿಸಿಲೂ ತಾಗುವುದಿಲ್ಲ.

ಇನ್ನೊಂದು ಕಾರಣ ಅಪಾಯ. ಒಂದು ತಾಯಿ ಒಂದು ಮೊಟ್ಟೆಚೀಲದಲ್ಲಿ ನೂರಾರು ಮರಿ ಹಾಕುತ್ತದೆ. ಅದರಲ್ಲಿ ದೊಡ್ಡದಾಗುವುದು ಬೆರಳೆಣಿಕೆಯಷ್ಟು. ಇರುವೆ, ಹಲ್ಲಿ, ಹಕ್ಕಿ, ಬೇರೆ ಜೇಡ, ಕೊನೆಗೆ ಅಕ್ಕ ತಂಗಿಯರು, ಯಾರ ಬಾಯಿಗಾದರೂ ಹೋಗಬಹುದು. ಕಾಲು ಬಿಚ್ಚಿದರೆ ಒಂದು ಸೆಂ.ಮೀ. ಇರುವ ಪ್ರಾಣಿ ಅಡಗಿ ಕೂರುವುದರಲ್ಲಿ ಆಶ್ಚರ್ಯ ಏನಿದೆ? ನಿಮ್ಮ ಡಬ್ಬಿಯಲ್ಲಿ ಹಲ್ಲಿ ಇಲ್ಲ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಮರಿ ಬಿಲ ತೋಡಿದೆ ಅಂದರೆ ಡಬ್ಬಿ ಸರಿಯಾಗಿದೆ ಅಂತಲೇ ತಿಳಿದುಕೊಳ್ಳಿ. ಬಿಲ ತೋಡದೆ ಗೋಡೆ ಹತ್ತಿ ಹತ್ತಿ ತಿರುಗುತ್ತಿದ್ದರೆ ಮಣ್ಣನ್ನು ಒಮ್ಮೆ ಪರೀಕ್ಷಿಸಿ. ಹೆಚ್ಚಾಗಿ ಅದು ಜಾಸ್ತಿ ಒದ್ದೆ ಇರುತ್ತದೆ.

ಊಟ ಇಲ್ಲದೆ ಎಷ್ಟು ದಿನ ಇರಬಲ್ಲದು?

ನಾಯಿ ಬೆಕ್ಕು ಸಾಕಿದವರಿಗೆ ಇದನ್ನು ನಂಬುವುದೇ ಕಷ್ಟ. ಟ್ಯಾರಂಟುಲಾ ತನ್ನ ಮೈ ಬಿಸಿ ಮಾಡಿಕೊಳ್ಳುವುದಿಲ್ಲ, ಓಡಾಡುವುದಿಲ್ಲ, ದಿನದ ಬಹುಪಾಲು ಅಲ್ಲಾಡುವುದೂ ಇಲ್ಲ. ಅದೇ ಗಾತ್ರದ ಬೇರೆ ಎಷ್ಟೋ ಪ್ರಾಣಿಗಳಿಗಿಂತ ಅದರ ಖರ್ಚು ತೀರಾ ಕಡಿಮೆ. ತಿಂದದ್ದನ್ನು ಹೊಟ್ಟೆಯಲ್ಲಿ ಕೂಡಿಟ್ಟುಕೊಂಡು ನಿಧಾನಕ್ಕೆ ಬಳಸುತ್ತದೆ.

ತೀರಾ ಪುಟ್ಟ ಸ್ಲಿಂಗ್ ಹೊಟ್ಟೆ ತುಂಬಿದ್ದರೆ ಕೆಲವು ವಾರ, ಒಮ್ಮೊಮ್ಮೆ ಎರಡು ಮೂರು ತಿಂಗಳು ಉಪವಾಸ ಇರುವುದು ಮಾಮೂಲು. ಮೂರು ನಾಲ್ಕು ಸೆಂ.ಮೀ. ಆದ ಮರಿ ಇನ್ನೂ ಜಾಸ್ತಿ ದಿನ ತಡೆಯುತ್ತದೆ. ದೊಡ್ಡವುಗಳ ವಿಷಯದಲ್ಲಿ ಚಿಲಿಯನ್ ರೋಸ್ ಅನ್ನುವ ಜಾತಿ ಕುಖ್ಯಾತ. ವರ್ಷ ದಾಟಿ ಉಪವಾಸ ಮಾಡಿ, ಒಂದು ದಿನ ಏನೂ ಆಗಿಲ್ಲ ಅನ್ನುವ ಹಾಗೆ ಹುಳ ಹಿಡಿದು ತಿನ್ನುತ್ತದೆ. ಅದರ ಮಾಲೀಕರಿಗೆ ಅಷ್ಟರಲ್ಲಿ ಕೂದಲು ಬೆಳ್ಳಗಾಗಿರುತ್ತದೆ.

ಕ್ಯಾಲೆಂಡರ್ ನೋಡಬೇಡಿ, ಹೊಟ್ಟೆ ನೋಡಿ.

ಹೊಟ್ಟೆ ನೋಡೋದು ಹೇಗೆ? ಏನನ್ನು ಗಮನಿಸಬೇಕು?

ಜೇಡದ ಮೈ ಎರಡು ಭಾಗ. ಮುಂದೆ ಕಾಲುಗಳು ಅಂಟಿಕೊಂಡಿರುವ ಗಟ್ಟಿ ಚಿಪ್ಪಿನ ಭಾಗ, ಹಿಂದೆ ಮೆತ್ತಗಿನ ಹೊಟ್ಟೆ. ಮುಂದಿನ ಚಿಪ್ಪು ಒಂದು ಪೊರೆಯಿಂದ ಇನ್ನೊಂದು ಪೊರೆಯವರೆಗೆ ಅಷ್ಟೇ ಇರುತ್ತದೆ. ಹಿಗ್ಗುವುದೂ ಕುಗ್ಗುವುದೂ ಹೊಟ್ಟೆ ಮಾತ್ರ. ಅದಕ್ಕೇ ಚಿಪ್ಪಿನ ಜೊತೆ ಹೋಲಿಸಿ ನೋಡಬೇಕು.

ಹೊಟ್ಟೆ ಚಿಪ್ಪಿನಷ್ಟೇ ಅಗಲ ಅಥವಾ ಸ್ವಲ್ಪ ಜಾಸ್ತಿ ಇದ್ದರೆ ಆರೋಗ್ಯ ಚೆನ್ನಾಗಿದೆ. ಒಂದೂವರೆ ಪಟ್ಟು ಇದ್ದರೆ ಹೊಟ್ಟೆ ತುಂಬಿದೆ, ಹುಳ ಹಾಕುವ ಅಗತ್ಯವೇ ಇಲ್ಲ, ಇನ್ನು ಪೊರೆ ಬಿಡುವುದನ್ನು ಕಾಯಬೇಕು ಅಷ್ಟೆ. ಚಿಪ್ಪಿಗಿಂತ ಚಿಕ್ಕದಾಗಿ, ಮೇಲೆ ಸುಕ್ಕು ಕಂಡರೆ ಆಗ ಯೋಚನೆ ಮಾಡಬೇಕು. ಅಲ್ಲೂ ಮೊದಲ ಅನುಮಾನ ನೀರಿನ ಮೇಲೆ, ಆಮೇಲೆ ಊಟದ ಮೇಲೆ.

ಮರಿ ಕಣ್ಣಿಗೇ ಬೀಳದಿದ್ದರೆ? ಕೊನೆಯ ಸಲ ಕಂಡಾಗ ಹೊಟ್ಟೆ ಹೇಗಿತ್ತು ಅನ್ನುವುದನ್ನು ನೆನಪಿಸಿಕೊಳ್ಳಿ. ಕಂಡಾಗಲೆಲ್ಲ ಮೊಬೈಲಿನಲ್ಲಿ ಮೇಲಿನಿಂದ ಒಂದು ಫೋಟೋ ತೆಗೆದಿಡುವ ಅಭ್ಯಾಸ ಒಳ್ಳೆಯದು. ದುಂಡಗಿನ ಹೊಟ್ಟೆ ಹೊತ್ತು ಬಿಲ ಸೇರಿದ ಮರಿ ಆರಾಮಾಗಿರುತ್ತದೆ.

ಪೊರೆ ಬಿಡುವ ಸಮಯ ಹತ್ತಿರ ಬಂದಿದೆ ಅಂತ ತಿಳಿಯೋದು ಹೇಗೆ?

ಊಟ ಬಿಡುವುದು ಮೊದಲ ಗುರುತು. ನಿನ್ನೆವರೆಗೆ ಹುಳದ ಮೇಲೆ ಎಗರುತ್ತಿದ್ದ ಮರಿ, ಇವತ್ತು ಹುಳ ಕಾಲಿಗೆ ತಾಗಿದರೆ ತಾನೇ ಹಿಂದೆ ಸರಿಯುತ್ತದೆ. ಮೈ ಬಣ್ಣ ಮಾಸುತ್ತದೆ. ಹೊಟ್ಟೆಯ ಚರ್ಮ ಬಿಗಿದು ಹೊಳೆಯುತ್ತದೆ.

ಸ್ಲಿಂಗ್‌ನ ಹೊಟ್ಟೆಯ ಹಿಂಭಾಗದಲ್ಲಿ ಮೊದಲೇ ಒಂದು ಕಪ್ಪು ಮಚ್ಚೆ ಇರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಮಚ್ಚೆಯ ಸುತ್ತಲಿನ ತಿಳಿ ಜಾಗವೂ ಕಪ್ಪಾಗುತ್ತಾ ಬಂದರೆ ಅದು ಗುರುತು. ಒಳಗೆ ಹೊಸ ಚರ್ಮ, ಹೊಸ ಕೂದಲು ತಯಾರಾಗಿ ಹಳೇ ತೆಳು ಚರ್ಮದ ಮೂಲಕ ಕಾಣಿಸುತ್ತಿರುತ್ತದೆ. ಸ್ವಲ್ಪ ದೊಡ್ಡ ಮರಿಗಳಲ್ಲಿ ಕೂದಲು ಉದುರಿ ಬೋಳಾದ ಜಾಗ ಇದ್ದರೆ ಇನ್ನೂ ಸುಲಭ. ಸಾಮಾನ್ಯವಾಗಿ ತಿಳಿ ಬಣ್ಣದ ಆ ಬೋಳು ಚರ್ಮ ಕಡುಗಪ್ಪಾಗುತ್ತದೆ. ಆಮೇಲೆ ಪೊರೆ ಬಿಡಲು ಕೆಲವೇ ದಿನವೂ ಆಗಬಹುದು, ಒಂದು ತಿಂಗಳೂ ಆಗಬಹುದು. ಬ್ರಾಕಿಪೆಲ್ಮಾಗೆ ಅವಸರ ಅನ್ನುವುದೇ ಗೊತ್ತಿಲ್ಲ.

ಬಿಲದ ಒಳಗೆ ಅಷ್ಟು ದಿನ ಅದು ಮಾಡುವುದಾದರೂ ಏನು?

ಹಳೇ ಮೈಯ ಒಳಗೆ ಹೊಸ ಮೈ ಕಟ್ಟುತ್ತಿರುತ್ತದೆ. ಜೇಡಕ್ಕೆ ಒಳಗೆ ಎಲುಬಿಲ್ಲ, ಹೊರಗಿನ ಗಟ್ಟಿ ಚರ್ಮವೇ ಅದರ ಅಸ್ಥಿಪಂಜರ. ಅದು ಬೆಳೆಯುವುದಿಲ್ಲ, ಬದಲಾಗಬೇಕಷ್ಟೆ.

ದಿನ ಬಂದಾಗ ನೆಲದ ಮೇಲೆ ನೂಲಿನ ತೆಳು ಹಾಸಿಗೆ ನೇಯುತ್ತದೆ. ಅದರ ಮೇಲೆ ಅಂಗಾತ ಮಲಗುತ್ತದೆ. ಮೊದಲ ಸಲ ನೋಡಿದವರಿಗೆ ಎದೆ ಧಸಕ್ ಅನ್ನುವುದು ಈ ಕ್ಷಣದಲ್ಲೇ. ಆಮೇಲೆ ಹೊಟ್ಟೆಯಲ್ಲಿರುವ ದ್ರವವನ್ನು ಮುಂಭಾಗಕ್ಕೆ ಒತ್ತುತ್ತದೆ. ಒತ್ತಡಕ್ಕೆ ಚಿಪ್ಪಿನ ಅಂಚು ಬಿರಿದು, ಮುಚ್ಚಳದ ಹಾಗೆ ಮೇಲೇಳುತ್ತದೆ. ಹೊಟ್ಟೆಯ ಪಕ್ಕದ ಚರ್ಮ ಹರಿಯುತ್ತದೆ. ಕಾಲುಗಳನ್ನೆಲ್ಲ ಹಳೇ ಕಾಲಿನ ಒಳಗಿಂದ ಸ್ವಲ್ಪ ಸ್ವಲ್ಪವೇ, ಉಸಿರಾಟದ ಲಯದಲ್ಲಿ ತಳ್ಳಿ ಎಳೆದು ಹೊರತೆಗೆಯುತ್ತದೆ. ಕೋರೆಹಲ್ಲಿನ ಹೊದಿಕೆ, ಬಾಯಿಯ ಒಳಪದರ, ಆಹಾರ ಹೀರುವ ಜಠರದ ಒಳಪದರ, ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿರುವ ಶ್ವಾಸಕೋಶದ ಒಳಪದರ, ಎಲ್ಲವೂ ಹಳೇ ಪೊರೆಯ ಜೊತೆ ಹೋಗುತ್ತದೆ. ಕಾಲು ಮುರಿದು ಹೋಗಿದ್ದರೆ ಹೊಸದು ಚಿಕ್ಕದಾಗಿ ಬರುತ್ತದೆ, ಮುಂದಿನ ಪೊರೆಗಳಲ್ಲಿ ಸರಿಹೋಗುತ್ತದೆ.

ಪುಟ್ಟ ಮರಿಗೆ ಇದೆಲ್ಲ ಗಂಟೆಯೊಳಗೆ ಮುಗಿಯಬಹುದು. ದೊಡ್ಡದಕ್ಕೆ ಹಲವು ಗಂಟೆ ಬೇಕು. ಹೊರಬಂದಾಗ ಕೋರೆಹಲ್ಲು ಹಾಲಿನ ಹಾಗೆ ಬೆಳ್ಳಗೆ, ಮೆತ್ತಗೆ ಇರುತ್ತದೆ. ಆ ಹೊತ್ತಿನಲ್ಲಿ ಊಟಕ್ಕೆಂದು ಹಾಕುವ ಹುಳ, ಒಂದು ಸಣ್ಣ ಮೀಲ್‌ವರ್ಮ್ ಕೂಡ ಅದನ್ನು ಕಡಿದು ಕೊಲ್ಲಬಹುದು.

ಬಾಗಿಲು ಯಾಕೆ ಮುಚ್ಚಿಕೊಂಡಿತ್ತು ಅಂತ ಈಗ ಅರ್ಥ ಆಯ್ತಲ್ವಾ?

ಒಂದೇ ಒಂದು ಸಲ ಅಗೆದು ನೋಡಲಾ? ಸುಮ್ನೆ ಬದುಕಿದೆಯಾ ಅಂತ ತಿಳಿಯೋಕೆ.

ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನೇ ಓದಿ.

ಬದುಕಿರುವ ಮರಿಯನ್ನು ಬದುಕಿದೆಯಾ ಅಂತ ನೋಡಲು ಹೋಗಿ ಕೊಂದವರು ಬೇಕಾದಷ್ಟು ಜನ ಇದ್ದಾರೆ. ಪೊರೆ ಬಿಡುವ ನಡುವೆ ಮಣ್ಣು ಕುಸಿದರೆ ಕಾಲು ಹಳೇ ಪೊರೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸ ಚರ್ಮ ಮೆತ್ತಗಿರುವಾಗ ಚಮಚ ತಾಗಿದರೆ ಹರಿಯುತ್ತದೆ, ರಕ್ತ ಸೋರಿ ಸಾಯುತ್ತದೆ. ಏನೂ ಆಗದಿದ್ದರೂ ಅದು ಕಟ್ಟಿದ ಮನೆ ಹಾಳಾಯಿತು. ಮತ್ತೆ ಬಿಲ ತೋಡಿ, ಮತ್ತೆ ಮುಚ್ಚಿಕೊಂಡು, ಇನ್ನೂ ಜಾಸ್ತಿ ದಿನ ಉಪವಾಸ ಕೂರುತ್ತದೆ. ನಿಮ್ಮ ಆತಂಕವೂ ಅಷ್ಟೇ ಉದ್ದ ಆಗುತ್ತದೆ.

ನೋಡಲೇಬೇಕು ಅನಿಸಿದರೆ ಡಬ್ಬಿಯ ಪಕ್ಕ ಮತ್ತು ತಳ ನೋಡಿ. ಮರಿಗಳು ಬಹಳ ಸಲ ಪ್ಲಾಸ್ಟಿಕ್ ಗೋಡೆಗೆ ಒತ್ತಿಕೊಂಡೇ ಸುರಂಗ ತೋಡುತ್ತವೆ. ಪಾರದರ್ಶಕ ಡಬ್ಬಿಯನ್ನು ನಿಧಾನಕ್ಕೆ ಎತ್ತಿ, ಮಂದ ಬೆಳಕಿನಲ್ಲಿ ಕೆಳಗಿನಿಂದ ನೋಡಿದರೆ ಒಂದು ಕಾಲಿನ ತುದಿಯಾದರೂ ಕಾಣುತ್ತದೆ. ಡಬ್ಬಿಯನ್ನು ಓರೆ ಮಾಡಬೇಡಿ, ತಟ್ಟಬೇಡಿ.

ನೀರು ಹೇಗೆ ಕೊಡೋದು? ಅದು ಮೇಲೆ ಬರೋದೇ ಇಲ್ಲವಲ್ಲ.

ಊಟಕ್ಕಿಂತ ಇದು ಮುಖ್ಯ. ಜೇಡ ಕಾಲು ಮಡಚುವುದು ಸ್ನಾಯುವಿನಿಂದ, ಆದರೆ ಚಾಚುವುದು ಮುಖ್ಯವಾಗಿ ಮೈಯೊಳಗಿನ ದ್ರವದ ಒತ್ತಡದಿಂದ. ನೀರಿನಂಶ ಕಡಿಮೆಯಾದರೆ ಒತ್ತಡ ಇಳಿಯುತ್ತದೆ, ಕಾಲು ಚಾಚಲು ಆಗುವುದಿಲ್ಲ, ಎಲ್ಲ ಕಾಲೂ ಹೊಟ್ಟೆಯಡಿಗೆ ಮುದುಡುತ್ತವೆ. ಪೊರೆ ಬಿಡಲು ಬೇಕಾದ್ದೂ ಅದೇ ಒತ್ತಡ. ಮೈ ಒಣಗಿದ ಮರಿ ಪೊರೆಯೊಳಗೇ ಸಿಕ್ಕಿಕೊಂಡು ಸಾಯುತ್ತದೆ. ಸ್ಲಿಂಗ್‌ಗಳ ಚರ್ಮದ ಮೇಲೆ ನೀರು ತಡೆಯುವ ಮೇಣದ ಪದರ ತೆಳು, ಹಾಗಾಗಿ ಬೇಗ ಒಣಗುತ್ತವೆ.

ಮಣ್ಣಿನ ಒಂದು ಮೂಲೆಯಲ್ಲಿ, ಗೋಡೆಯ ಅಂಚಿಗೆ, ಡ್ರಾಪರ್ ಅಥವಾ ಸೂಜಿ ತೆಗೆದ ಸಿರಿಂಜಿನಿಂದ ಹನಿ ಹನಿ ನೀರು ಬಿಡಿ. ಅದು ಗೋಡೆಗುಂಟ ಇಳಿದು ಕೆಳಗಿನ ಪದರ ತೇವ ಮಾಡುತ್ತದೆ. ಮೇಲ್ಭಾಗ ಒಣಗಿರಲಿ, ಕೆಳಗೆ ತೇವ ಇರಲಿ. ಬಿಲ ಇರುವ ಮೂಲೆಗೆ ಬಿಡಬೇಡಿ, ಅದರ ಎದುರು ಮೂಲೆಗೆ ಬಿಡಿ. ತೇವ ಬೇಕೋ ಒಣ ಬೇಕೋ ಅನ್ನುವುದನ್ನು ಮರಿಯೇ ಆರಿಸಿಕೊಳ್ಳುತ್ತದೆ. ಎರಡು ಸೆಂ.ಮೀ. ದಾಟಿದ ಮೇಲೆ ಬಾಟಲಿ ಮುಚ್ಚಳದಷ್ಟು ಪುಟ್ಟ ನೀರಿನ ಬಟ್ಟಲು ಯಾವಾಗಲೂ ಇರಲಿ. ಅದರಲ್ಲಿ ಸ್ಪಂಜು, ಹತ್ತಿ, ಜೆಲ್ ಏನೂ ಬೇಡ. ಅವು ಕೊಳೆಯುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ.

ದಿನಾ ಸ್ಪ್ರೇ ಹೊಡೆಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಮೇಲಿನ ಪದರ ಮಾತ್ರ ಒದ್ದೆಯಾಗಿ ಬೂಷ್ಟು ಬರುತ್ತದೆ, ಕೆಳಗೆ ಒಣಗಿಯೇ ಇರುತ್ತದೆ. ಅಮೆರಿಕ, ಯುರೋಪಿನ ಚಳಿಯಲ್ಲಿ ಹೀಟರ್ ಓಡುವ ಮನೆಯಲ್ಲಿ ಇರುವವರು ಮಾತ್ರ ಮಣ್ಣನ್ನು ಇನ್ನಷ್ಟು ಬೇಗ ಬೇಗ ನೋಡಬೇಕು. ಅಲ್ಲಿ ಗಾಳಿ ತೀರಾ ಒಣಗಿರುತ್ತದೆ.

ಬಿಲದ ಬಾಯಿಗೆ ಹುಳ ಹಾಕಿಡಬಹುದಾ? ಹಸಿವಾದಾಗ ತಿನ್ನಲಿ ಅಂತ.

ಬಾಗಿಲು ಮುಚ್ಚಿದ್ದರೆ ಏನೂ ಹಾಕಬೇಡಿ. ಅದು ‘ಈಗ ಬೇಡ’ ಅನ್ನುತ್ತಿದೆ. ಮಿಡತೆಯಂಥ ಕ್ರಿಕೆಟ್ ಹುಳ ಜೀವಂತ ಇದ್ದರೆ ಸುಮ್ಮನಿರುವುದಿಲ್ಲ. ಹಸಿವಾದರೆ ಪೊರೆ ಬಿಡುತ್ತಿರುವ ಜೇಡವನ್ನೇ ಕಡಿಯುತ್ತದೆ. ಮೀಲ್‌ವರ್ಮ್ ಇನ್ನೂ ಕಷ್ಟ. ಮಣ್ಣಿನೊಳಗೆ ಇಳಿದು ಮಾಯವಾಗಿ ನೇರ ಬಿಲಕ್ಕೇ ನುಗ್ಗಬಹುದು.

ಬಿಲದ ಬಾಯಿ ತೆರೆದಿದ್ದು, ಮರಿ ಮಾತ್ರ ಬರುತ್ತಿಲ್ಲ ಅಂದರೆ ಸತ್ತ ಹುಳ ಕೊಟ್ಟು ನೋಡಿ. ಸ್ಲಿಂಗ್‌ಗಳು ಸತ್ತದ್ದನ್ನೂ ತಿನ್ನುತ್ತವೆ. ಮೀಲ್‌ವರ್ಮ್‌ನ ಒಂದು ತುಂಡು, ಇಲ್ಲವೇ ತಲೆ ಜಜ್ಜಿದ ಪುಟ್ಟ ಕ್ರಿಕೆಟ್, ಸಂಜೆ ಬಿಲದ ಬಾಯಿಯ ಹತ್ತಿರ ಇಡಿ. ಬೆಳಿಗ್ಗೆ ಅದು ಮಾಯವಾಗಿದ್ದರೆ ಅಥವಾ ಒಳಗೆ ಎಳೆದುಕೊಂಡಿದ್ದರೆ ಒಳಗಿನವರು ಕ್ಷೇಮ ಅಂತ ಅರ್ಥ. ಹಾಗೇ ಇದ್ದರೆ ಇಕ್ಕಳದಿಂದ ತೆಗೆದುಬಿಡಿ. 24 ಗಂಟೆಗಿಂತ ಜಾಸ್ತಿ ಬಿಡಬೇಡಿ. ವಾರ, ಹತ್ತು ದಿನ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.

ಜೀವಂತ ಹುಳವಾದರೆ ಮರಿಯ ಹೊಟ್ಟೆಗಿಂತ ದೊಡ್ಡದು ಬೇಡ. ತೀರಾ ಪುಟ್ಟದಕ್ಕೆ ಹಾರಲಾರದ ಹಣ್ಣಿನ ನೊಣ ಸಾಕು. ಅಡುಗೆ ಮನೆಯ ಜಿರಳೆ, ತೋಟದ ಮಿಡತೆ ಹಿಡಿದು ಕೊಡುವ ಯೋಚನೆ ಬೇಡ. ಅದು ಯಾವ ಔಷಧಿ ತಿಂದು ಬಂದಿದೆ ಅಂತ ಯಾರಿಗೆ ಗೊತ್ತು?

ಪೊರೆ ಬಿಟ್ಟಿದೆ! ಈಗಲೇ ಊಟ ಕೊಡಬಹುದಾ?

ಒಂದು ದಿನ ಬಿಲದ ಬಾಗಿಲು ತೆರೆದಿರುತ್ತದೆ. ಪಕ್ಕದಲ್ಲಿ ಸುಕ್ಕು ಸುಕ್ಕಾದ ಪುಟ್ಟ ಪೊರೆ ಹೊರಗೆ ಬಿಸಾಡಿರುತ್ತದೆ. ಅದನ್ನು ನೋಡಿ ಜೇಡ ಸತ್ತಿತು ಅಂತ ಅಳುವವರು ಇದ್ದಾರೆ. ಇಕ್ಕಳದಲ್ಲಿ ಎತ್ತಿ ನೋಡಿ, ಟೊಳ್ಳಾಗಿದ್ದರೆ ಪೊರೆ.

ಊಟಕ್ಕೆ ಅವಸರ ಬೇಡ. ಬಿಳಿ ಕೋರೆಹಲ್ಲು ಕೆಂಪಾಗಿ, ಆಮೇಲೆ ಕಪ್ಪಾಗಬೇಕು. ಸ್ಲಿಂಗ್ ಆದರೆ ಸುಮಾರು ಒಂದು ವಾರ, ಸ್ವಲ್ಪ ದೊಡ್ಡ ಮರಿಯಾದರೆ ಎರಡು ವಾರ ಬಿಡಿ. ನೀರು ಮಾತ್ರ ಮೊದಲ ದಿನದಿಂದಲೇ ಇರಲಿ. ಆಮೇಲೆ ನೋಡಿ, ತಿಂಗಳುಗಟ್ಟಲೆ ಮುಖ ತಿರುಗಿಸಿದ್ದ ಮರಿ ಹುಳ ನೆಲ ಮುಟ್ಟುವ ಮುಂಚೆಯೇ ಹಿಡಿಯುತ್ತದೆ.

ಪೊರೆಯನ್ನು ಎಸೆಯಬೇಡಿ. ಮರಿ ನಾಲ್ಕೈದು ಸೆಂ.ಮೀ. ಆದ ಮೇಲೆ ಪೊರೆಯ ಹೊಟ್ಟೆ ಭಾಗವನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಭೂತಗನ್ನಡಿಯಲ್ಲಿ ನೋಡಿ ಗಂಡೋ ಹೆಣ್ಣೋ ಹೇಳಬಹುದು. ಹೆಣ್ಣಾದರೆ ವೀರ್ಯ ಕೂಡಿಡುವ ಪುಟ್ಟ ಚೀಲದ ಅಚ್ಚು ಪೊರೆಯಲ್ಲೇ ಇರುತ್ತದೆ. ಹೆಣ್ಣು ಅಂತ ಗೊತ್ತಾದರೆ ಮನೆಯವರಿಗೆ ಮೊದಲೇ ಹೇಳಿಬಿಡಿ, ಅದು ಇಪ್ಪತ್ತು ವರ್ಷ ದಾಟಿ ಬದುಕುತ್ತದೆ. ಗಂಡು ದೊಡ್ಡದಾದ ಮೇಲೆ ಬದುಕುವುದು ಒಂದೆರಡು ವರ್ಷ ಅಷ್ಟೆ.

ಹೀಟ್ ಮ್ಯಾಟ್ ಇಟ್ಟರೆ ಬೇಗ ಪೊರೆ ಬಿಡುತ್ತಾ?

ಬಿಸಿ ಜಾಸ್ತಿಯಾದರೆ ಬೆಳವಣಿಗೆ ಚುರುಕಾಗುವುದು ನಿಜ. ಆದರೆ ಹೀಟ್ ಮ್ಯಾಟ್, ಅಂದರೆ ಡಬ್ಬಿಯ ಕೆಳಗಿಡುವ ಕರೆಂಟಿನ ಬಿಸಿ ಹಾಸು, ಬೇಡ. ಬಿಲ ತೋಡುವ ಜೇಡಕ್ಕೆ ಬಿಸಿ ತಾಗಿದರೆ ಗೊತ್ತಿರುವ ದಾರಿ ಒಂದೇ, ಕೆಳಗೆ ಇಳಿಯುವುದು. ಕೆಳಗೇ ಮ್ಯಾಟ್ ಇದ್ದರೆ ಇಳಿದಷ್ಟೂ ಬೇಯುತ್ತದೆ.

22ರಿಂದ 28 ಡಿಗ್ರಿ ಇದ್ದರೆ ಸಾಕು. ಬೆಂಗಳೂರು, ಮೈಸೂರಿನ ಮನೆಗಳಲ್ಲಿ ವರ್ಷದ ಬಹುಪಾಲು ಹಾಗೇ ಇರುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮರಿ ಇನ್ನೂ ನಿಧಾನ ಆಗುತ್ತದೆ, ಆಗಲಿ ಬಿಡಿ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆ ಮಾತ್ರ ಬೇರೆ ಮಾತು. ಹೊರಗೆ 40 ದಾಟಿದಾಗ ಡಬ್ಬಿಯನ್ನು ಮನೆಯ ಅತಿ ತಂಪಾದ ಕೋಣೆಯಲ್ಲಿ, ನೆಲದ ಹತ್ತಿರ ಇಡಿ. ಕಿಟಕಿಯ ಬಿಸಿಲು ಯಾವ ಊರಲ್ಲೂ ಬೇಡ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ ಬಿಸಿಲಲ್ಲಿ ಸ್ವಲ್ಪ ಹೊತ್ತಿಗೇ ಒಲೆಯಾಗುತ್ತದೆ.

ಡಬ್ಬಿ, ಮಣ್ಣು ಹೇಗಿರಬೇಕು?

ದೊಡ್ಡ ಡಬ್ಬಿ ಕೊಟ್ಟರೆ ಮರಿಗೆ ಖುಷಿ ಅನ್ನುವುದು ನಮ್ಮ ಕಲ್ಪನೆ. ಕಾಲು ಬಿಚ್ಚಿದ ಅಳತೆಯ ಮೂರು ನಾಲ್ಕು ಪಟ್ಟು ಅಗಲ ಸಾಕು. ಮಣ್ಣು ಮಾತ್ರ ಆಳ ಇರಲಿ, ಡಬ್ಬಿಯ ಅರ್ಧಕ್ಕಿಂತ ಜಾಸ್ತಿ. ಮಣ್ಣಿನ ಮೇಲಿಂದ ಮುಚ್ಚಳದವರೆಗೆ ಜಾಗ ಕಡಿಮೆ ಇರಬೇಕು. ನೆಲದ ಟ್ಯಾರಂಟುಲಾ ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ.

ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ನಮ್ಮಲ್ಲಿ ಯಾವ ನರ್ಸರಿಯಲ್ಲೂ ಸಿಗುತ್ತದೆ. ಗೊಬ್ಬರ ಸೇರಿಸದ್ದೇ ಬೇಕು. ನೆನೆಸಿ, ತೊಳೆದು, ಗಟ್ಟಿಯಾಗಿ ಹಿಂಡಿ ಬಳಸಿ. ಡಬ್ಬಿಗೆ ಹಾಕಿ ಬೆರಳಿನಿಂದ ಚೆನ್ನಾಗಿ ಒತ್ತಿ, ಸಡಿಲವಾಗಿದ್ದರೆ ಸುರಂಗ ನಿಲ್ಲುವುದಿಲ್ಲ. ಒಂದು ಮೂಲೆಯಲ್ಲಿ ಪೆನ್ಸಿಲಿನಿಂದ ಗೋಡೆಗೆ ತಾಗಿಸಿ ಓರೆಯಾಗಿ ತೂತು ಮಾಡಿ, ಮೇಲೆ ತೊಗಟೆಯ ಚೂರು ಇಡಿ. ಹೆಚ್ಚಿನ ಮರಿಗಳು ಇದನ್ನೇ ಹಿಗ್ಗಿಸಿಕೊಳ್ಳುತ್ತವೆ, ನಿಮಗೂ ಹೊರಗಿನಿಂದ ನೋಡಲು ಒಂದು ಕಿಟಕಿ ಸಿಗುತ್ತದೆ. ಗಾಳಿಯ ತೂತುಗಳು ಎದುರುಬದುರು ಗೋಡೆಗಳಲ್ಲಿರಲಿ. ತೂತು ಮರಿಯ ಮುಂಭಾಗದ ಚಿಪ್ಪಿಗಿಂತ ಚಿಕ್ಕದಿರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಡಬ್ಬಿ ಖಾಲಿ.

ನಮ್ಮ ಮನೆಯಲ್ಲಿ ಇರುವೆ, ಸೊಳ್ಳೆ ಕಾಟ. ಏನು ಮಾಡೋದು?

ಹೊರದೇಶದ ಸಲಹೆಗಳಲ್ಲಿ ಇದು ಅಷ್ಟಾಗಿ ಇರುವುದಿಲ್ಲ, ನಮ್ಮ ಮನೆಗಳಲ್ಲಿ ಇದೇ ದೊಡ್ಡ ಶತ್ರು. ತಿನ್ನದೆ ಬಿಟ್ಟ ಹುಳದ ವಾಸನೆಗೆ ಇರುವೆ ಸಾಲು ಬಂತೆಂದರೆ ಬಿಲದೊಳಗಿನ ಮರಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಅಗಲ ತಟ್ಟೆಯಲ್ಲಿ ನೀರು ತುಂಬಿ, ಅದರ ನಡುವೆ ಒಂದು ಬಟ್ಟಲು ಬೋರಲು ಹಾಕಿ, ಡಬ್ಬಿಯನ್ನು ಅದರ ಮೇಲೆ ಇಡಿ. ಅಜ್ಜಿಯರು ಬೆಲ್ಲದ ಡಬ್ಬಿಗೆ ಮಾಡುತ್ತಿದ್ದ ಉಪಾಯ ಇದು. ಡಬ್ಬಿ ಗೋಡೆಗೆ ತಾಗದಿರಲಿ.

ಇರುವೆಗೆ ಎಳೆಯುವ ಔಷಧಿ ಸೀಮೆಸುಣ್ಣ, ಜಿರಳೆ ಸ್ಪ್ರೇ, ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಲಿಕ್ವಿಡ್, ಎಲ್ಲದರಲ್ಲೂ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ಹುಳಕ್ಕೆ ವಿಷ ಅಂದರೆ ಜೇಡಕ್ಕೂ ವಿಷವೇ. ಜೇಡ ಇರುವ ಕೋಣೆಯಲ್ಲಿ ಯಾವುದೂ ಬೇಡ, ಸೊಳ್ಳೆಗೆ ಪರದೆ ಕಟ್ಟಿ. ಬೀದಿಯಲ್ಲಿ ಫಾಗಿಂಗ್ ಗಾಡಿ ಬಂದರೆ ಕಿಟಕಿ ಮುಚ್ಚಿ. ಡಬ್ಬಿ ಮುಟ್ಟುವ ಮುಂಚೆ ಕೈಗೆ ಸೊಳ್ಳೆ ಕ್ರೀಮ್ ಹಚ್ಚಿದ್ದರೆ ತೊಳೆದುಕೊಳ್ಳಿ.

ಮಣ್ಣಿನ ಮೇಲೆ ಬಿಳಿ ಬೂಷ್ಟು, ಪುಟ್ಟ ಪುಟ್ಟ ಹುಳಗಳು ಕಾಣಿಸ್ತಿವೆ.

ಸ್ವಲ್ಪ ಬೂಷ್ಟು ಬಂದರೆ ಚಮಚದಲ್ಲಿ ಎತ್ತಿ ಎಸೆಯಿರಿ, ಗಾಳಿ ಜಾಸ್ತಿ ಮಾಡಿ. ಮಂಗಳೂರು, ಉಡುಪಿ, ಕಾರವಾರದವರಿಗೆ ಮಳೆಗಾಲದಲ್ಲಿ ಇದು ಬಂದೇ ಬರುತ್ತದೆ. ಆ ತಿಂಗಳುಗಳಲ್ಲಿ ನೀರು ಹಾಕುವುದನ್ನು ಅರ್ಧಕ್ಕೆ ಇಳಿಸಿ. ಚಂಗನೆ ಜಿಗಿಯುವ ಬಿಳಿ ಹುಳ ಸ್ಪ್ರಿಂಗ್‌ಟೇಲ್, ಅದು ಬೂಷ್ಟು ತಿನ್ನುವ ನೆಂಟ, ಇರಲಿ. ಜಿಗಿಯದೆ ಮೆಲ್ಲಗೆ ಹರಿದಾಡುವ ಬಿಳಿ ಚುಕ್ಕೆಗಳ ರಾಶಿ ಮೈಟ್ಸ್. ಅವು ಕೊಳೆತ ಆಹಾರಕ್ಕೆ ಬರುತ್ತವೆ. ಎಂಜಲು ತೆಗೆದು ಮಣ್ಣನ್ನು ಒಣಗಲು ಬಿಟ್ಟರೆ ಹೆಚ್ಚಾಗಿ ಕಡಿಮೆಯಾಗುತ್ತವೆ.

ಹಾಗಾದರೆ ನಿಜವಾಗಿ ಗಾಬರಿ ಆಗಬೇಕಾದ್ದು ಯಾವಾಗ?

ಕೆಲವು ಸಂದರ್ಭ ಇವೆ. ಮರಿ ಬಿಲದ ಹೊರಗೆ, ನೆಟ್ಟಗೆ ಕೂತು, ಎಲ್ಲ ಕಾಲನ್ನೂ ಮೈಯ ಅಡಿಗೆ ಮುದುಡಿಕೊಂಡಿದ್ದರೆ ಅದು ಕೆಟ್ಟ ಲಕ್ಷಣ. ಅಂಗಾತ ಮಲಗಿದ್ದರೆ ಅಲ್ಲ, ಅದು ಪೊರೆ ಬಿಡುತ್ತಿದೆ, ಉಸಿರು ಕೂಡ ಊದಬೇಡಿ. ಇದನ್ನು ಚೆನ್ನಾಗಿ ನೆನಪಿಡಿ, ಏಕೆಂದರೆ ಮನಸ್ಸಿಗೆ ತೋರುವುದು ಉಲ್ಟಾ. ಮುದುಡಿದ ಮರಿಯನ್ನು ಮೆಲ್ಲಗೆ ನೀರಿನ ಹನಿಯ ಹತ್ತಿರ ತನ್ನಿ, ಬಾಯಿಯ ಭಾಗ ನೀರಿಗೆ ತಾಗುವ ಹಾಗೆ, ಹೊಟ್ಟೆಯ ಕೆಳಗಿರುವ ಉಸಿರಾಟದ ರಂಧ್ರಗಳು ಮುಳುಗದ ಹಾಗೆ. ನೀರಿನ ಕೊರತೆಯೇ ಕಾರಣವಾಗಿದ್ದರೆ ಕೆಲವು ಗಂಟೆಯಲ್ಲಿ ಕಾಲು ಬಿಚ್ಚಬಹುದು.

ಬಾಯಿಯ ಸುತ್ತ ಬಿಳಿ ಅಂಟಿನಂಥದ್ದು ಕಂಡರೆ ಅದು ದಾರದ ಹುಳಗಳ ಸೋಂಕು ಇರಬಹುದು. ಅದಕ್ಕೆ ನಂಬುವಂಥ ಔಷಧಿ ಇಲ್ಲ. ಬೇರೆ ಜೇಡಗಳಿಂದ ದೂರ ಇಡಿ, ಇಕ್ಕಳ ಕೂಡ ಬೇರೆ ಬಳಸಿ.

ಅಗೆಯುವುದು ಸರಿ ಅನ್ನುವ ಸಂದರ್ಭಗಳು ತೀರಾ ಕಡಿಮೆ: ಡಬ್ಬಿಗೆ ನೀರು ನುಗ್ಗಿದೆ, ಇರುವೆ ಒಳಗೆ ಹೋಗಿವೆ, ಅಥವಾ ಕೊಳೆತ ನಾತ ಬರುತ್ತಿದೆ. ಸತ್ತ ಟ್ಯಾರಂಟುಲಾದ ವಾಸನೆ ತಪ್ಪಿಸಿಕೊಳ್ಳುವಂಥದ್ದಲ್ಲ, ಮೂಗಿಗೆ ತಾನೇ ಗೊತ್ತಾಗುತ್ತದೆ. ಆಗ ಮೇಲಿನಿಂದ ಚುಚ್ಚಬೇಡಿ. ಬಿಲದ ಎದುರು ಬದಿಯಿಂದ ಶುರು ಮಾಡಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ ಮಣ್ಣು ತೆಗೆಯುತ್ತಾ ಹೋಗಿ. ನೂಲಿನ ಪದರ ಕಂಡ ಕೂಡಲೇ ಕುಂಚಕ್ಕೆ ಬದಲಾಯಿಸಿ.

ಇದು ಜೀವನವಿಡೀ ಹೀಗೇ ಅಡಗಿರುತ್ತಾ? ಹಾಗಾದರೆ ಮಣ್ಣಿನ ಡಬ್ಬಿ ಸಾಕಿದ ಹಾಗೇ ಆಯ್ತಲ್ಲ!

ಹಮೋರಿ ವಿಷಯದಲ್ಲಿ ಇಲ್ಲ. ಐದಾರು ಸೆಂ.ಮೀ. ಆಗುವ ಹೊತ್ತಿಗೆ ಧೈರ್ಯ ಬರುತ್ತದೆ, ಮೊಣಕಾಲಿನ ಕೆಂಪು ಗಾಢವಾಗುತ್ತದೆ, ಬಯಲಲ್ಲಿ ಕೂರುವ ಅಭ್ಯಾಸವೂ ಬರುತ್ತದೆ. ಆದರೆ ಅಲ್ಲಿಗೆ ಬರಲು ಕೆಲವು ವರ್ಷ ಬೇಕು. ಅಷ್ಟು ಕಾಯಲಾಗದಿದ್ದರೆ ಸ್ಲಿಂಗ್ ತರಬಾರದಿತ್ತು ಅಂತ ನೇರವಾಗಿಯೇ ಹೇಳುತ್ತೇನೆ.

ಜೀವನವಿಡೀ ಬಿಲದಲ್ಲೇ ಇರುವ ಜಾತಿಗಳೂ ಇವೆ. ಟ್ಯಾರಂಟುಲಾದ ದೂರದ ನೆಂಟ ಟ್ರ್ಯಾಪ್‌ಡೋರ್ ಜೇಡ ಹಾಗೆಯೇ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಅನ್ನುವ ವಿಜ್ಞಾನಿ 1974ರಲ್ಲಿ ಇಂಥ ಜೇಡಗಳ ಬಿಲಗಳಿಗೆ ಗುರುತು ಹಾಕಿ ಅಧ್ಯಯನ ಶುರು ಮಾಡಿದರು. ಅದರಲ್ಲಿ 16ನೇ ನಂಬರಿನ ಹೆಣ್ಣು 43 ವರ್ಷ ಬದುಕಿತು, ಅದೂ ಒಂದೇ ಬಿಲದಲ್ಲಿ. 2016ರಲ್ಲಿ ಅದು ಸತ್ತಿರುವುದು ಗೊತ್ತಾಯಿತು. ನಿಮ್ಮದು ಎರಡು ತಿಂಗಳು ಹೊರಬಂದಿಲ್ಲ ಅಷ್ಟೇ.

ಕೈಗೆ ತಗೊಳ್ಳಬಹುದಾ?

ಬೇಡ. ಮರಿಗೆ ಅದರಿಂದ ಏನೂ ಲಾಭವಿಲ್ಲ, ಬಿದ್ದರೆ ಸಾವು. ಕಡಿತ ಸಾಮಾನ್ಯವಾಗಿ ದೊಡ್ಡ ಅಪಾಯ ಅಲ್ಲ, ಆದರೆ ಹಿಂಗಾಲಿನಿಂದ ಉದುರಿಸುವ ತುರಿಕೆ ಕೂದಲು ಕಣ್ಣಿಗೆ ಹೋದರೆ ಕಷ್ಟ. ಉಜ್ಜಬೇಡಿ, ನೀರಿನಲ್ಲಿ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಭಾರತದಲ್ಲಿ ಇದನ್ನು ಸಾಕೋಕೆ ಕಾನೂನು ಬಿಡುತ್ತಾ? ನಮ್ಮ ಕಾಡಿನ ಜೇಡವನ್ನೇ ತಂದರೆ?

ಬ್ರಾಕಿಪೆಲ್ಮಾ ಕುಲ ಪೂರ್ತಿ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಕಾಡಿನಿಂದ ಹಿಡಿದು ಮಾರಿ ಮಾರಿ ಅಲ್ಲಿ ಕಡಿಮೆಯಾಗಿದ್ದೇ ಕಾರಣ. ಭಾರತದ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2023ರ ಏಪ್ರಿಲ್‌ನಿಂದ ಜಾರಿಗೆ ಬಂತು. ಸೈಟಿಸ್ ಪಟ್ಟಿಯ ಹೊರದೇಶದ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಮೂಲಕ ನೋಂದಣಿ ಮಾಡಿಸಬೇಕು. ಇದರ ನಿಯಮಗಳು 2024ರಲ್ಲಿ ಬಂದಿವೆ. ಕಾಗದಪತ್ರ ಇಲ್ಲದೆ ಕೊರಿಯರ್‌ನಲ್ಲಿ ಕಳಿಸ್ತೀನಿ ಅನ್ನುವವರಿಂದ ತರಬೇಡಿ. ತರುವ ಮುಂಚೆ ನಿಮ್ಮ ಊರಿನ ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿಕೊಳ್ಳಿ. ಹೊರದೇಶದಲ್ಲಿರುವವರು ಅಲ್ಲಲ್ಲಿನ ನಿಯಮ ನೋಡಿಕೊಳ್ಳಿ.

ನಮ್ಮ ಕಾಡಿನವು ಅಲ್ಲೇ ಇರಲಿ. ಪಶ್ಚಿಮ ಘಟ್ಟದಲ್ಲಿ ರಸ್ತೆ ಬದಿಯ ಮಣ್ಣಿನ ದಿಬ್ಬಗಳಲ್ಲಿ ಥ್ರಿಗ್ಮೋಪಿಯಸ್ ಅನ್ನುವ ಬಿಲದ ಟ್ಯಾರಂಟುಲಾಗಳಿವೆ. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೋಕಾಕ್ 1899ರಲ್ಲೇ ಇವಕ್ಕೆ ಹೆಸರಿಟ್ಟಿದ್ದ. ರಾತ್ರಿ ಟಾರ್ಚ್ ಹಿಡಿದು ಹೋದರೆ ನೂಲು ಹಾಸಿದ ಬಿಲದ ಬಾಯಲ್ಲಿ ಕಾಲು ಚಾಚಿ ಕೂತಿರುತ್ತವೆ. ನೋಡಿ ಬನ್ನಿ, ಕಡ್ಡಿ ಹಾಕಿ ಎಬ್ಬಿಸಬೇಡಿ. ಮರದ ಪೊಟರೆಗಳಲ್ಲಿರುವ ಪೀಸಿಲೋಥೀರಿಯಾ ಕುಲವೂ 2019ರಿಂದ ಸೈಟಿಸ್ ಪಟ್ಟಿಯಲ್ಲಿದೆ. ಅವುಗಳ ಕಡಿತ ಹಮೋರಿಯಂತಲ್ಲ, ದಿನಗಟ್ಟಲೆ ಸ್ನಾಯು ಸೆಳೆತ ಬರುತ್ತದೆ.

ಹಬ್ಬಕ್ಕೆ ಊರಿಗೆ ಹೋಗ್ಬೇಕು. ಎರಡು ವಾರ ಬಿಟ್ಟು ಹೋಗಬಹುದಾ?

ಧಾರಾಳವಾಗಿ. ಹೋಗುವ ಹಿಂದಿನ ದಿನ ಮಣ್ಣಿನ ಮೂಲೆ ತೇವ ಮಾಡಿ, ನೀರಿನ ಬಟ್ಟಲು ತುಂಬಿಸಿ, ತಿನ್ನದ ಹುಳ ಇದ್ದರೆ ತೆಗೆಯಿರಿ. ಇರುವೆ ತಟ್ಟೆಯ ನೀರು ಎರಡು ವಾರದಲ್ಲಿ ಆರಿಹೋಗುತ್ತದೆ, ಹಾಗಾಗಿ ಆಳ ಇರುವ ತಟ್ಟೆ ಇಡಿ. ಪಕ್ಕದ ಮನೆಯವರಿಗೆ ಕೀ ಕೊಡುವುದಾದರೆ ತಟ್ಟೆಗೆ ನೀರು ಹಾಕಲು ಮಾತ್ರ ಹೇಳಿ. ಡಬ್ಬಿಯ ಮುಚ್ಚಳದ ಮೇಲೆ ‘ತೆಗೆಯಬೇಡಿ, ಊಟ ಹಾಕಬೇಡಿ, ಸ್ಪ್ರೇ ಹೊಡೆಯಬೇಡಿ’ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಒಳಗೆ ಏನಿದೆ ಅಂತಲೂ ಬರೆದರೆ ಮೊದಲೆರಡು ಸೂಚನೆ ತಾನಾಗೇ ಪಾಲನೆ ಆಗುತ್ತದೆ. ಮೂರನೆಯದು ಮಾತ್ರ ಅನುಮಾನ, ಅದನ್ನು ಬಾಯಿಬಿಟ್ಟು ಹೇಳಿಯೇ ಹೋಗಿ.